ಸಾಂತ್ವನ ಕೇಂದ್ರಕ್ಕೆ ಹೋದರೆ ಮುಂದೇನು?

ಗಂಡನ ಮನೆಯಲ್ಲಿ ಏಟು ತಿನ್ನುವವಳಿಗೆ ತವರಿನವರು ‘ಹೊಂದಿಕೊಂಡು ಹೋಗು’ ಎನ್ನುತ್ತಾರೆ, ಅಕ್ಕಪಕ್ಕದವರು ‘ಸ್ಟೇಷನ್‌ಗೆ ಹೋಗು’ ಎನ್ನುತ್ತಾರೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಸ್ಟೇಷನ್ನಿನ ಮೆಟ್ಟಿಲು ಹತ್ತದೆಯೂ ಹೋಗಬಹುದಾದ ದಾರಿಯಿದೆ.

ಮೊದಲು ಫೋನು. ಮಹಿಳಾ ಸಹಾಯವಾಣಿ 181. ಜೀವಕ್ಕೆ ಅಪಾಯವಿದ್ದರೆ 112. ಗಂಡ ಫೋನ್ ತಪಾಸಣೆ ಮಾಡುವವನಾದರೆ ಬೇರೆಯವರ ಫೋನಿನಿಂದ ಮಾಡಿ. ನೆರೆಯವರೂ ದೂರು ಕೊಡಬಹುದು; ಸದುದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಕೇಸು ಬೀಳುವುದಿಲ್ಲ.

ಹೋಗುವುದೆಲ್ಲಿಗೆ? ಸ್ವಯಂಸೇವಾ ಸಂಸ್ಥೆಗಳು ನಡೆಸುವ ಸಾಂತ್ವನ ಕೇಂದ್ರಕ್ಕೆ, ಇಲ್ಲವೇ ಜಿಲ್ಲೆಯ ಸಖಿ ಒನ್ ಸ್ಟಾಪ್ ಸೆಂಟರ್‌ಗೆ. ಸಖಿಯಲ್ಲಿ ಚಿಕಿತ್ಸೆ, ಪೊಲೀಸ್, ವಕೀಲರ ನೆರವು ಒಂದೇ ಕಡೆ ಸಿಗುತ್ತದೆ, ಕೆಲವು ದಿನ ತಂಗಲೂಬಹುದು. ಜೊತೆಗೆ ಬರುವ ಗಂಡುಮಕ್ಕಳಿಗೆ ವಯಸ್ಸಿನ ಮಿತಿ ಇರುತ್ತದೆ, ಹೊರಡುವ ಮೊದಲೇ ಕೇಳಿಕೊಳ್ಳಿ.

ಬರೆಸುವುದು. ಎಲ್ಲಕ್ಕಿಂತ ಮುಖ್ಯವಾದ ಹಂತ ಇದು, ಅವಸರ ಬೇಡ. ಸಂರಕ್ಷಣಾಧಿಕಾರಿ (ಈ ಕಾಯ್ದೆಯಡಿ ನೇಮಕವಾದ ಅಧಿಕಾರಿ; ನಮ್ಮಲ್ಲಿ ಸಾಮಾನ್ಯವಾಗಿ ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅಥವಾ ನೋಂದಾಯಿತ ಸೇವಾ ಸಂಸ್ಥೆ ‘ಡಿಐಆರ್’, ಅಂದರೆ ಕೌಟುಂಬಿಕ ಘಟನಾ ವರದಿ ತಯಾರಿಸುತ್ತದೆ. ‘ತುಂಬಾ ಹಿಂಸೆ ಕೊಡ್ತಾರೆ’ ಎಂಬ ಒಂದು ಸಾಲಿನಿಂದ ಏನೂ ಆಗದು. ಯಾವ ತಿಂಗಳು, ಎಲ್ಲಿ, ಯಾವುದರಿಂದ ಹೊಡೆದ, ಯಾರು ನೋಡಿದರು ಎಂದು ಹೇಳಬೇಕು. ಬೈಗುಳ, ಸಂಬಳ ಕಿತ್ತುಕೊಳ್ಳುವುದು, ಒಡವೆ ಅಡವಿಡುವುದು, ಮನಸ್ಸಿಲ್ಲದಾಗ ಬಲವಂತ ಮಾಡುವುದು, ಇವೆಲ್ಲಕ್ಕೂ ಅದರಲ್ಲಿ ಜಾಗವಿದೆ. ಆಸ್ಪತ್ರೆ ಚೀಟಿ, ಗಾಯದ ಫೋಟೊ, ಮೆಸೇಜುಗಳಿದ್ದರೆ ಲಗತ್ತಿಸಿ. ಬಾಯಲ್ಲಿ ಹೇಳಿದ ದೂರನ್ನೂ ಅಧಿಕಾರಿ ಬರೆದುಕೊಳ್ಳಲೇಬೇಕು. ಓದಿಸಿ ಕೇಳಿ, ಆಮೇಲೆ ಸಹಿ ಹಾಕಿ, ಪ್ರತಿ ಪಡೆಯಿರಿ. ಅದು ಉಚಿತ.

ರಾಜಿಯ ಮಾತು. ಎರಡೂ ಕಡೆಯವರನ್ನು ಕರೆಸಿ ಮುಚ್ಚಳಿಕೆ ಬರೆಸಿ ಕಳಿಸುವ ಚಾಳಿ ಇನ್ನೂ ಹೋಗಿಲ್ಲ. ಆಕೆಗೆ ರಾಜಿ ಬೇಡವಾದರೆ ಬೇಡ, ಅಷ್ಟೇ. ನ್ಯಾಯಾಲಯ ಕಳಿಸುವ ಆಪ್ತ ಸಮಾಲೋಚನೆಯಲ್ಲಂತೂ ‘ಎದುರು ಮಾತಾಡಿದಳು, ಅದಕ್ಕೇ ಹೊಡೆದೆ’ ಎಂಬ ಸಮರ್ಥನೆಗೆ ಈ ಕಾಯ್ದೆಯ 2006ರ ನಿಯಮಗಳಲ್ಲಿ ಅವಕಾಶವೇ ಇಲ್ಲ. ಇದು ಎಷ್ಟೋ ಸಮಾಲೋಚಕರಿಗೂ ನೆನಪಿರುವುದಿಲ್ಲ!

ನ್ಯಾಯಾಲಯ. ಅರ್ಜಿ ಮ್ಯಾಜಿಸ್ಟ್ರೇಟರಿಗೆ ಹೋಗುತ್ತದೆ. ತಾತ್ಕಾಲಿಕವಾಗಿ ಆಶ್ರಯ ಪಡೆದ ಊರಿನಲ್ಲೇ ಹಾಕಬಹುದು. ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಮಹಿಳೆಯರಿಗೆ ವಕೀಲರು ಉಚಿತ, ಆದಾಯದ ಮಿತಿಯೂ ಇಲ್ಲ. ಸಾಮಾನ್ಯವಾಗಿ ಮೂರು ದಿನದೊಳಗೆ ಮೊದಲ ವಿಚಾರಣೆ, ಅಲ್ಲಿಂದ 60 ದಿನದಲ್ಲಿ ತೀರ್ಮಾನ ಎನ್ನುತ್ತದೆ ಕಾಯ್ದೆ. ವಾಸ್ತವದಲ್ಲಿ ಎಳೆಯುತ್ತದೆ. ಹಾಗಾಗಿ ಮೊದಲ ದಿನವೇ ಮಧ್ಯಂತರ ಆದೇಶ ಕೇಳುವಂತೆ ವಕೀಲರಿಗೆ ಹೇಳಿ: ಹತ್ತಿರ ಸುಳಿಯದಂತೆ ರಕ್ಷಣೆ, ಮನೆಯಲ್ಲಿರುವ ಹಕ್ಕು, ಜೀವನಾಂಶ, ಮಕ್ಕಳ ಸುಪರ್ದಿ.

ಆದೇಶದ ಪ್ರತಿ ಆಕೆಗೂ ಠಾಣೆಗೂ ಉಚಿತವಾಗಿ ಸಿಗುತ್ತದೆ. ಒಂದು ಪ್ರತಿಯನ್ನು ಮನೆಯ ಹೊರಗೆ, ನಂಬಿಕಸ್ತರ ಬಳಿ ಇಟ್ಟಿರಿ. ಅವನು ರಕ್ಷಣಾ ಆದೇಶ ಮೀರಿದರೆ ಒಂದು ವರ್ಷದವರೆಗೆ ಜೈಲು ಅಥವಾ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆಗ ಸಂರಕ್ಷಣಾಧಿಕಾರಿಗೆ ತಿಳಿಸಬಹುದು, ಇಲ್ಲವೇ ನೇರವಾಗಿ ಠಾಣೆಗೋ ಮ್ಯಾಜಿಸ್ಟ್ರೇಟರ ಬಳಿಗೋ ಹೋಗಬಹುದು, ಆದೇಶದ ಪ್ರತಿ ಕೈಯಲ್ಲಿ ಹಿಡಿದೇ.