ಹೊಸಬರಿಗೆ ಮಾರ್ಗದರ್ಶಿ: ಬಿಸಿಲು ಏರುವ ಮೊದಲು ಕೈತೋಟದ ಕೆಲಸ

ಕಲಬುರಗಿಗೆ ಸ್ವಾಗತ. ಮೈಸೂರು, ಹಾಸನ, ಶಿವಮೊಗ್ಗ, ಉಡುಪಿ ಕಡೆಯಿಂದ ಬ್ಯಾಂಕು, ಆಸ್ಪತ್ರೆ, ವಿಶ್ವವಿದ್ಯಾಲಯ, ಸಿಮೆಂಟ್ ಕಾರ್ಖಾನೆಯ ಕೆಲಸಕ್ಕೆ ಬಂದ ಮನೆಗಳಿಗಾಗಿ ನಮ್ಮ ಸಂಘ ಮಾಡಿರುವ ಕೈಪಿಡಿಯ ಒಂದು ಭಾಗ ಇದು. ಶಾಲೆ, ಗ್ಯಾಸ್, ಬಾಡಿಗೆ ಕರಾರು ಬೇರೆ ಭಾಗಗಳಲ್ಲಿವೆ. ಇಲ್ಲಿ ಹಿತ್ತಲು ಮತ್ತು ಮಾಳಿಗೆ ಮೇಲಿನ ಕುಂಡಗಳ ವಿಷಯ ಮಾತ್ರ.

ಮೊದಲೇ ಒಂದು ಮಾತು. ಬಂದ ವರ್ಷವೇ ‘ಈ ಬಿಸಿಲೂರಲ್ಲಿ ಏನೂ ಬೆಳೆಯೋದಿಲ್ಲ’ ಅಂತ ಊರಿಗೆ ಫೋನ್ ಮಾಡಿ ಹೇಳಬೇಡಿ. ನಿಮ್ಮ ಮನೆಯ ಸಾರಿಗೆ ಬೀಳುವ ಬೇಳೆ ಈ ನೆಲದ್ದು. ಇಲ್ಲಿನ ತೊಗರಿಗೆ 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ. ಹೂಜಿ ನೀರೂ ಕೇಳದೆ, ಬರೀ ನೆಲದ ಹಸಿಯಲ್ಲೇ ಹಿಂಗಾರಿ ಜೋಳ ತೆನೆ ಕಟ್ಟುವ ಮಣ್ಣು ಇದು. ಇಲ್ಲಿ ಬೆಳೆಯುತ್ತದೆ. ಆದರೆ ಇಲ್ಲಿನ ಲೆಕ್ಕದಲ್ಲಿ ಬೆಳೆಯುತ್ತದೆ.

ಆ ಲೆಕ್ಕ ಇಷ್ಟೇ. ಊರಲ್ಲಿ ಯುಗಾದಿ ಬಂತು, ಚಿಗುರು ಬಂತು ಅಂತ ನಾವು ತೋಟಕ್ಕೆ ಇಳಿಯುತ್ತಿದ್ದೆವು. ಇಲ್ಲಿ ಯುಗಾದಿ ಹೊತ್ತಿಗೆ ಕೆಲಸ ಮುಗಿದಿರಬೇಕು. ಸಂಕ್ರಾಂತಿಯಿಂದ ಹೋಳಿಯವರೆಗಿನ ದಿನಗಳೇ ನಿಮ್ಮ ವಸಂತ. ಶಿವರಾತ್ರಿಗೆ ಚಳಿ ಶಿವಶಿವ ಅಂತ ಹೋಗುತ್ತದೆ ಅಂತಾರಲ್ಲ, ಇಲ್ಲಿ ಅದು ನಿಜವಾಗಿಯೂ ಹಾಗೇ ಹೋಗುತ್ತದೆ. ಹೋಳಿ ಆಗಿ ಐದನೇ ದಿನ ಶರಣಬಸವೇಶ್ವರರ ತೇರು ಎಳೆಯುತ್ತಾರೆ. ಆ ಜಾತ್ರೆಯ ಬಿಸಿಲಲ್ಲಿ ನಿಂತು ನೋಡಿ, ನಿಮಗೇ ಗೊತ್ತಾಗುತ್ತದೆ. ಮೇ ತಿಂಗಳಲ್ಲಿ 42 ಡಿಗ್ರಿ ಇಲ್ಲಿ ಯಾರಿಗೂ ಸುದ್ದಿಯಲ್ಲ. ಆ ಬಿಸಿಲಿಗೆ ಗಿಡವನ್ನು ಸಿದ್ಧ ಮಾಡುವುದೇ ಈಗಿನ ಕೆಲಸ.

ಮಣ್ಣು

ಇದನ್ನು ಪೂರ್ತಿ ಓದಿ. ಉಳಿದದ್ದನ್ನು ಬಿಟ್ಟರೂ ಪರವಾಗಿಲ್ಲ.

ಕಲಬುರಗಿಯ ಬಹುಪಾಲು ಹಿತ್ತಲು ಎರೆ ಮಣ್ಣು. ಕಪ್ಪು, ಜಿಗುಟು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರುಕು ಬಿಡುತ್ತದೆ. ಏಪ್ರಿಲ್‌ನಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಆ ಬಿರುಕು ಎಳೆ ಬೇರನ್ನು ಹರಿಯುತ್ತದೆ, ಒಳಗಿನ ಹಸಿಯನ್ನೂ ಹೊರಗೆ ಬಿಡುತ್ತದೆ. ಆದ್ದರಿಂದ ಬಿರುಕು ಕಾಣಿಸುವ ಮೊದಲೇ, ಅಂದರೆ ಫೆಬ್ರವರಿಯಲ್ಲೇ, ಮೇಲಿನ ಎರಡು ಬೆರಳಿನಷ್ಟು ಮಣ್ಣನ್ನು ಖುರ್ಪಿಯಿಂದ ಸಡಿಲ ಮಾಡಿ ಪುಡಿ ಮಾಡಬೇಕು. ಇಲ್ಲಿನ ರೈತರು ಎಡೆ ಹೊಡೆಯುವುದು (ಸಾಲುಗಳ ನಡುವೆ ಕುಂಟೆ ಎಳೆಯುವುದು) ಕಳೆಗೆ ಮಾತ್ರ ಅಲ್ಲ, ಇದಕ್ಕೂ ಹೌದು. ಪುಡಿ ಮಣ್ಣಿನ ಪದರ ಕೆಳಗಿನ ಹಸಿಯನ್ನು ಮುಚ್ಚಿ ಹಿಡಿಯುತ್ತದೆ.

ಅಗೆಯುವುದಕ್ಕೂ ಹದ ಬೇಕು. ಹಸಿಯಾಗಿದ್ದಾಗ ಅಗೆದರೆ ಹೆಂಟೆ ಕಟ್ಟುತ್ತದೆ, ಆ ಹೆಂಟೆ ಒಣಗಿದರೆ ಗುದ್ದಲಿಗೂ ಬಗ್ಗುವುದಿಲ್ಲ. ಪೂರ್ತಿ ಒಣಗಿದಾಗ ಅಗೆಯಲು ಆಗುವುದೇ ಇಲ್ಲ. ಒಂದು ಹಿಡಿ ಮಣ್ಣು ಉಂಡೆ ಮಾಡಿ ಸೊಂಟದ ಎತ್ತರದಿಂದ ಬಿಡಿ. ಬಿದ್ದು ಒಡೆದರೆ ಹದ ಬಂದಿದೆ. ಮುದ್ದೆಯಾಗಿ ಕೂತರೆ ಎರಡು ದಿನ ಬಿಡಿ. ಹದ ಬಂದ ಮಣ್ಣಿಗೆ ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ ಬೆರೆಸಿ. ಹಸಿ ಸಗಣಿ ಬೇಡ, ಗೆದ್ದಲು ಮತ್ತು ಗೊಣ್ಣೆ ಹುಳು ಬರುತ್ತವೆ. ಜೊತೆಗೆ ಒಂದಿಷ್ಟು ಬೇವಿನ ಹಿಂಡಿ ಹಾಕಿ.

ಮಲೆನಾಡಿನವರಿಗೆ ಒಂದು ಕಿವಿಮಾತು. ನಿಮ್ಮ ಕೆಂಪು ಮಣ್ಣು ನೀರನ್ನು ಬೇಗ ಬಿಡುತ್ತಿತ್ತು, ದಿನಾ ಹಾಕಿದರೂ ನಡೆಯುತ್ತಿತ್ತು. ಎರೆ ಮಣ್ಣು ಬಿಡುವುದಿಲ್ಲ. ಚಳಿ ಇನ್ನೂ ಇರುವಾಗಲೇ ದಿನಾ ನೀರು ಹುಯ್ದರೆ ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ. ಗಿಡ ಬಾಡುತ್ತದೆ. ಬಾಡಿತು ಅಂತ ಮತ್ತೆ ನೀರು ಹಾಕುತ್ತೀರಿ. ಅಲ್ಲಿಗೆ ಮುಗಿಯಿತು. ಬೆರಳನ್ನು ಎರಡು ಗೆಣ್ಣು ಇಳಿಸಿ ನೋಡಿ, ಒಣಗಿದ್ದರೆ ಮಾತ್ರ ಆಳಕ್ಕೆ ಇಳಿಯುವಂತೆ ನೀರು ಕೊಡಿ.

ಈಗ ಹೊಸ ಬಡಾವಣೆಯ ಮನೆಗಳ ವಿಷಯ. ನಮ್ಮ ಮನೆ ಕಟ್ಟಿದವರು ಹಿತ್ತಲಲ್ಲಿ ಸಿಮೆಂಟು ಗಟ್ಟಿ, ಇಟ್ಟಿಗೆ ಚೂರು, ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ತುಂಡುಗಳನ್ನೆಲ್ಲ ಹೂತು, ಮೇಲೆ ಒಂದು ಗೇಣು ಕಪ್ಪು ಮಣ್ಣು ಹರವಿ ‘ತೋಟದ ಜಾಗ’ ಅಂತ ಕೊಟ್ಟಿದ್ದರು. ಎರಡು ವರ್ಷ ನಿಂಬೆ ಗಿಡ ಹಳದಿಯಾಗಿಯೇ ನಿಂತಿತ್ತು. ಏನು ಗೊಬ್ಬರ ಹಾಕಿದರೂ ಏಳಲಿಲ್ಲ. ಸಂಘದಲ್ಲಿ ಹಲವರ ಮನೆಯ ಕಥೆ ಇದೇ. ಆದ್ದರಿಂದ ಬಾಡಿಗೆಗೆ ಆಗಲಿ ಸ್ವಂತಕ್ಕೆ ಆಗಲಿ, ಗಿಡಕ್ಕೆ ರೊಕ್ಕ ಹಾಕುವ ಮೊದಲು ಮೂರು ಕಡೆ ಎರಡಡಿ ಅಗೆದು ನೋಡಿ. ಕಟ್ಟಡದ ಕಸ ಸಿಕ್ಕರೆ ತೆಗೆಸಿ. ಅದನ್ನು ತೆಗೆಸದೆ ಬೇರೆ ಏನು ಮಾಡಿದರೂ ವ್ಯರ್ಥ.

ಕಾರಣ ಇದು. ಇಲ್ಲಿನ ಮಣ್ಣಲ್ಲಿ ಮೊದಲೇ ಸುಣ್ಣ ಜಾಸ್ತಿ. ಸುಣ್ಣದ ಬಿಳಿ ಹರಳುಗಳು ಕಣ್ಣಿಗೇ ಕಾಣುತ್ತವೆ. ಶಹಾಬಾದ್ ಫರ್ಸಿಯೂ ಸುಣ್ಣದ ಕಲ್ಲೇ, ಸಿಮೆಂಟೂ ಅದರದ್ದೇ. ಸುಣ್ಣ ಜಾಸ್ತಿಯಾದರೆ ಮಣ್ಣಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಎಳೆ ಎಲೆ ಹಳದಿ, ನರ ಮಾತ್ರ ಹಸಿರು: ಇದೇ ಗುರುತು. ದಾಸವಾಳ, ಗುಲಾಬಿ, ನಿಂಬೆಯಲ್ಲಿ ಬೇಗ ಕಾಣುತ್ತದೆ. ಅಂಗಡಿಯವರು ಯೂರಿಯಾ ಕೊಡುತ್ತಾರೆ, ತರಬೇಡಿ. ಒಂದು ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಿ. ಹತ್ತು ಹನ್ನೆರಡು ದಿನಕ್ಕೆ ಇನ್ನೊಮ್ಮೆ. ಅದನ್ನೇ ಮಣ್ಣಿಗೆ ಸುರಿದರೆ ಪ್ರಯೋಜನ ಇಲ್ಲ, ಸುಣ್ಣ ಅದನ್ನೂ ಕಟ್ಟಿಹಾಕುತ್ತದೆ. ಇದನ್ನು ಬಿಸಿಲು ಏರುವ ಮೊದಲೇ ಮುಗಿಸಿ. ಹಳದಿ ಎಲೆ ಹೊತ್ತ ಗಿಡ ಏಪ್ರಿಲ್ ಬಿಸಿಲಿಗೆ ಸುಟ್ಟುಹೋಗುತ್ತದೆ.

ಅನುಮಾನ ಇದ್ದರೆ ಅರ್ಧ ಕಿಲೋ ಮಣ್ಣು ತೆಗೆದುಕೊಂಡು ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ. ಕಲಬುರಗಿಯದ್ದು ಆಳಂದ ರಸ್ತೆಯಲ್ಲಿದೆ. ಯಾದಗಿರಿ ಜಿಲ್ಲೆಯವರಿಗೆ ಕವಡಿಮಟ್ಟಿ, ಬೀದರ್‌ನವರಿಗೆ ಜನವಾಡ. ಬೀದರ್‌ನಲ್ಲಿ ತೋಟಗಾರಿಕೆ ಕಾಲೇಜೂ ಇದೆ. ಕೇಳುವುದಕ್ಕೆ ಸಂಕೋಚ ಬೇಡ.

ಬೀದರ್‌ಗೆ ಹೋದವರಿಗೆ

ಮೇಲಿನದ್ದು ನಿಮಗೆ ಅಷ್ಟಾಗಿ ಹೊಂದುವುದಿಲ್ಲ. ಬೀದರ್ ನಗರ ಕಲಬುರಗಿಗಿಂತ ಸುಮಾರು 200 ಮೀಟರ್ ಎತ್ತರದಲ್ಲಿದೆ, ಚಳಿ ಒಂದಿಷ್ಟು ದಿನ ಜಾಸ್ತಿ ನಿಲ್ಲುತ್ತದೆ. ಮಣ್ಣು ಕೆಂಪು, ಕೆಳಗೆ ಜಂಬಿಟ್ಟಿಗೆ ಕಲ್ಲು. ನೀರು ಸರ್‍ರನೆ ಇಳಿದುಹೋಗುತ್ತದೆ. ಬಹಮನಿ ಕಾಲದವರು ಅದೇ ಕಲ್ಲನ್ನು ಕೊರೆದು ನೆಲದೊಳಗೆ ಸುರಂಗ ಮಾಡಿ ನೀರು ತಂದರು, ನೌಬಾದ್‌ನಲ್ಲಿ ಇಂದಿಗೂ ನೋಡಬಹುದು. ನೀವು ಸ್ವಲ್ಪ ಸ್ವಲ್ಪ ನೀರನ್ನು ಮೇಲಿಂದ ಮೇಲೆ ಕೊಡಿ, ಗೊಬ್ಬರ ಜಾಸ್ತಿ ಹಾಕಿ.

ನೀರು

ನಲ್ಲಿ ನೀರು ದಿನಾ ಬರುವುದಿಲ್ಲ. ಬೇಸಿಗೆಯಲ್ಲಿ ಇನ್ನೂ ದೂರವಾಗುತ್ತದೆ. ಕುಡಿಯುವ ನೀರಿಗೆ ಅಕ್ಕಪಕ್ಕದವರು ಕಾಯುತ್ತಿರುವಾಗ ಪೈಪ್ ಹಿಡಿದು ಅಂಗಳ ತೊಳೆಯಬೇಡಿ. ಇದನ್ನು ಹೇಳಲೇಬೇಕಾಗಿ ಬಂದಿದೆ.

ಅಕ್ಕಿ, ಬೇಳೆ, ಪಲ್ಯ ತೊಳೆದ ನೀರು ಗಿಡಕ್ಕೆ. ಆರ್‌ಒ ಯಂತ್ರದಿಂದ ಹೊರಬೀಳುವ ನೀರು ನೆಲ ಒರೆಸುವುದಕ್ಕೆ, ಕುಂಡಕ್ಕೆ ಬೇಡ. ಅದರಲ್ಲಿ ಉಪ್ಪು ಜಾಸ್ತಿ. ಬೋರ್ ನೀರೂ ಹಲವು ಬಡಾವಣೆಗಳಲ್ಲಿ ಸವಳು. ಕುಂಡದ ಅಂಚಿಗೆ ಬಿಳಿ ಪುಡಿ ಕಟ್ಟಿದೆಯಾ ನೋಡಿ. ಕಟ್ಟಿದ್ದರೆ ಮೇಲಿನ ಒಂದಂಗುಲ ಮಣ್ಣು ಕೆರೆದು ತೆಗೆದು, ನಲ್ಲಿ ನೀರು ಬಂದ ದಿನ ಕುಂಡದ ಅಳತೆಯ ಎರಡರಷ್ಟು ನೀರನ್ನು ನಿಧಾನವಾಗಿ ಬಿಟ್ಟು ಕೆಳಗಿನ ತೂತಿನಿಂದ ಹರಿದುಹೋಗಲು ಬಿಡಿ. ಬೇಸಿಗೆಗೆ ಮೊದಲು ಒಮ್ಮೆ ಈ ಕೆಲಸ ಆಗಲೇಬೇಕು.

ಹಣ್ಣಿನ ಗಿಡದ ಬುಡದಲ್ಲಿ ಒಂದೊಂದು ಮಣ್ಣಿನ ಗಡಿಗೆ ಹೂಳಿ, ಬಾಯಿ ಮಾತ್ರ ಮೇಲೆ ಇರಲಿ. ನೀರು ತುಂಬಿ ಮುಚ್ಚಳ ಇಡಿ. ಗಡಿಗೆಯ ಮೈಯಿಂದ ಜಿನುಗುವ ನೀರನ್ನು ಬೇರು ತಾನೇ ಎಳೆದುಕೊಳ್ಳುತ್ತದೆ. ಬಣ್ಣ ಹಚ್ಚಿದ್ದು, ಮಿರುಗುವಂಥದ್ದು ಕೆಲಸಕ್ಕೆ ಬಾರದು. ಮುಚ್ಚಳ ಮರೆತರೆ ಸೊಳ್ಳೆ ಮರಿ ಮಾಡುತ್ತದೆ. ರಜೆಗೆ ಊರಿಗೆ ಹೋಗುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ನಮಗೆ ಕಂಡಿಲ್ಲ.

ಹೊದಿಕೆ, ನೆರಳು

ಫೆಬ್ರವರಿ, ಮಾರ್ಚ್‌ನಲ್ಲಿ ಬೇವು, ಅರಳಿ ಎಲೆ ಉದುರಿಸುತ್ತವೆ. ಬೀದಿ ಗುಡಿಸಿ ಬೆಂಕಿ ಹಚ್ಚುವವರಿಗೆ ಹೇಳಿ ಆ ಎಲೆಯನ್ನು ನೀವು ತನ್ನಿ. ಗಿಡದ ಸುತ್ತ ಮೂರಂಗುಲ ಹರವಿ, ಕಾಂಡಕ್ಕೆ ತಾಗಿಸಬೇಡಿ. ಹಳ್ಳಿಯ ಪರಿಚಯ ಇದ್ದರೆ ಜೋಳದ ದಂಟು, ತೊಗರಿ ಹೊಟ್ಟು ಕೇಳಿ. ಅವು ದನದ ಮೇವು, ಆದ್ದರಿಂದ ಸುಮ್ನೆ ಕೊಡಿ ಅನ್ನಬೇಡಿ, ದುಡ್ಡು ಕೊಟ್ಟು ತನ್ನಿ. ತೊಗರಿ ಕಟ್ಟಿಗೆ ಬಳ್ಳಿ ಹಬ್ಬಿಸಲು ಬಹಳ ಚೆನ್ನ.

ಮಾಳಿಗೆ ಮೇಲಿನ ಕುಂಡಗಳಿಗೆ ಶೇಕಡಾ 50ರ ಹಸಿರು ನೆರಳು ಬಲೆ ಕಟ್ಟಿ, ಪಶ್ಚಿಮ ದಿಕ್ಕಿಗೂ ಇಳಿಬಿಡಿ. ಮಧ್ಯಾಹ್ನದ ನಂತರದ ಬಿಸಿಲೇ ಕೊಲ್ಲುವುದು. ಕುಂಡಗಳನ್ನು ಒತ್ತಾಗಿ ಇಡಿ. ಫರ್ಸಿ ಮೇಲೆ ನೇರ ಇಟ್ಟರೆ ಬುಡ ಕಾಯುತ್ತದೆ, ಕೆಳಗೆ ಇಟ್ಟಿಗೆ ಕೊಡಿ. ಕಪ್ಪು ಪ್ಲಾಸ್ಟಿಕ್ ಕುಂಡಕ್ಕೆ ಗೋಣಿಚೀಲ ಸುತ್ತಿ ಅಥವಾ ಸುಣ್ಣ ಬಳಿಯಿರಿ.

ಕಲ್ಲು, ಇಟ್ಟಿಗೆ ಸರಿಸುವಾಗ ಬರಿಗೈ ಹಾಕಬೇಡಿ. ಚೇಳು ಇರುತ್ತದೆ. ಯಾದಗಿರಿ ಕಡೆಯ ಕಂದಕೂರಿನಲ್ಲಿ ನಾಗಪಂಚಮಿಗೆ ಜನ ಚೇಳನ್ನು ಕೈಮೇಲೆ ಬಿಟ್ಟುಕೊಳ್ಳುತ್ತಾರೆ, ಅದು ಅವರ ಭಕ್ತಿ. ನಿಮ್ಮ ಮಕ್ಕಳಿಗೆ ಚಪ್ಪಲಿ ಹಾಕಿಸಿ.

ಈಗ ಬಿತ್ತುವುದು

- ಬೆಂಡೆ (ರಾತ್ರಿ ನೆನೆಸಿ ಬಿತ್ತಿ. ‘ಅರ್ಕಾ ಅನಾಮಿಕ’ ತಳಿ ಹಳದಿ ನಂಜು ರೋಗವನ್ನು ಒಂದಿಷ್ಟು ತಡೆಯುತ್ತದೆ)
- ಹೀರೆ, ಸೋರೆ, ಹಾಗಲ, ಸವತೆ
- ಚವಳಿಕಾಯಿ (ನಿಮ್ಮ ಗೋರಿಕಾಯಿ)
- ಪುಂಡಿಪಲ್ಯ (ಹುಳಿ ಸೊಪ್ಪು, ಗೋಂಗುರ), ರಾಜಗಿರಿ
- ಬದನೆ, ಮೆಣಸಿನ ಸಸಿ

ಬಳ್ಳಿ ತರಕಾರಿಯನ್ನು ತಡ ಮಾಡಬೇಡಿ. ಹಗಲು ಉದ್ದವಾಗಿ ಬಿಸಿಲು ಏರಿದಂತೆ ಗಂಡು ಹೂವೇ ಜಾಸ್ತಿ ಬಿಡುತ್ತವೆ, ಕಾಯಿ ಕಡಿಮೆ. ಜನವರಿ ಕೊನೆ, ಫೆಬ್ರವರಿ ಮೊದಲ ವಾರ ಸರಿಯಾದ ಕಾಲ. ಟೊಮೆಟೊ ಮಾರ್ಚ್‌ನಲ್ಲಿ ನೆಡಬೇಡಿ, 35 ಡಿಗ್ರಿ ದಾಟಿದರೆ ಹೂ ಉದುರುತ್ತದೆ. ಕೊತ್ತಂಬರಿ, ಮೆಂತ್ಯ ಈಗ ನೆರಳಲ್ಲಿ ಮಾತ್ರ.

ಪುಂಡಿಪಲ್ಯ ತಿಂದು ಅಭ್ಯಾಸ ಇಲ್ಲದವರು ಪಕ್ಕದ ಮನೆಯಲ್ಲಿ ಕೇಳಿ ಕಲಿಯಿರಿ. ಬಿಸಿ ಜೋಳದ ರೊಟ್ಟಿ ಜೊತೆ ಅದು ಈ ನೆಲದ ಊಟ.

ಕತ್ತರಿ ಹಿಡಿಯುವವರಿಗೆ

ದುಂಡು ಮಲ್ಲಿಗೆಯನ್ನು ಜನವರಿ ಮುಗಿಯುವುದರೊಳಗೆ ಮೊಣಕಾಲೆತ್ತರಕ್ಕೆ ಕತ್ತರಿಸಿ, ಗೊಬ್ಬರ ಕೊಟ್ಟು ನೀರು ಬಿಡಿ. ಮಾರ್ಚ್‌ನಿಂದ ಹೂ. ಕರಿಬೇವು ಚಳಿಗೆ ಮಂಕಾಗಿರುತ್ತದೆ, ಫೆಬ್ರವರಿಯಲ್ಲಿ ತುದಿ ಕತ್ತರಿಸಿದರೆ ಕವಲೊಡೆಯುತ್ತದೆ. ದಾಸವಾಳವೂ ಹಾಗೇ. ಹೋಳಿ ಆದಮೇಲೆ ಯಾವುದನ್ನೂ ಬೋಳು ಮಾಡಬೇಡಿ, ಬರಿ ಕೊಂಬೆಗೆ ಬಿಸಿಲು ಬಡಿದು ಸೀಳುತ್ತದೆ.

ಸೀತಾಫಲ ಈಗ ಎಲೆ ಉದುರಿಸಿ ಬೋಳಾಗಿ ನಿಂತಿರುತ್ತದೆ. ಸತ್ತಿದೆ ಅಂತ ಪ್ರತಿ ವರ್ಷ ಯಾರಾದರೂ ಹೊಸಬರು ಕಡಿಸುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ಉಗುರಿನಿಂದ ತೊಗಟೆ ಗೀರಿ ನೋಡಿ, ಹಸಿರಿದ್ದರೆ ಬದುಕಿದೆ. ಬಿಸಿಲಿಗೇ ಚಿಗುರುವ ಮರ ಅದು.

ಮನೆಯಲ್ಲಿ ದೊಡ್ಡ ಮಾವಿನ ಮರ ಇದ್ದರೆ ನೀವು ಪುಣ್ಯವಂತರು. ಹೂವಿದ್ದಾಗ ನೀರು ಹಾಕಬೇಡಿ, ಹೀಚು ಬಟಾಣಿಯಷ್ಟಾದ ಮೇಲೆ ಶುರು ಮಾಡಿ. ಹೂವಿಗೆ ಬೂದಿ ರೋಗ ಕಂಡರೆ ಲೀಟರಿಗೆ 3 ಗ್ರಾಂ ನೀರಲ್ಲಿ ಕರಗುವ ಗಂಧಕ, ತಂಪು ಹೊತ್ತಲ್ಲಿ ಮಾತ್ರ. ಬಿಸಿಲಲ್ಲಿ ಹೊಡೆದರೆ ಹೂವೇ ಸುಡುತ್ತದೆ. ಬಳ್ಳಿ ತರಕಾರಿ ಮೇಲೆ ಬೀಳದಂತೆ ನೋಡಿಕೊಳ್ಳಿ. ಯುಗಾದಿಗೆ ತೋರಣದ ಎಲೆ, ಬೇವಿನ ಹೂ ಕೇಳಿಕೊಂಡು ಅಕ್ಕಪಕ್ಕದವರು ಬರುತ್ತಾರೆ. ಗೇಟು ಹಾಕಿಕೊಂಡು ಕೂರಬೇಡಿ, ಕೊಡಿ. ಈ ಊರಲ್ಲಿ ಪರಿಚಯ ಬೆಳೆಯುವುದು ಹಾಗೇ.

ಈಗ ಕೊಳ್ಳಬಾರದ್ದು

ಫೆಬ್ರವರಿಯಲ್ಲಿ ಟೆಂಪೊ ತುಂಬ ಹೂವಿನ ಕುಂಡ ಹೇರಿಕೊಂಡು ಬಡಾವಣೆಗೆ ಬರುತ್ತಾರೆ. ನೆರಳುಮನೆಯಲ್ಲಿ ಬೆಳೆದ ಆಂಥೂರಿಯಂ, ಹೈಡ್ರೇಂಜಿಯ ನೋಡಿದರೆ ಊರು ನೆನಪಾಗುತ್ತದೆ, ಅಲ್ವಾ? ಆಸೆ ಪಡಬೇಡಿ. ಏಪ್ರಿಲ್ ಕಾಣುವುದಿಲ್ಲ. ಊರಿಂದ ಬಸ್ಸಿನಲ್ಲಿ ಅಡಿಕೆ ಸಸಿ, ಕಾಳುಮೆಣಸಿನ ಬಳ್ಳಿ ತರುವುದೂ ಬೇಡ. ತಂದವರ ಮನೆಯಲ್ಲೆಲ್ಲ ಅತ್ತೆ ಕೊಟ್ಟದ್ದು, ಅಜ್ಜಿ ಕೊಟ್ಟದ್ದು ಅಂತ ಅಳು ನೋಡಿದ್ದೇವೆ.

ಮರ ಜಾತಿಯ ಯಾವ ಗಿಡವನ್ನೂ ಈಗ ನೆಡಬೇಡಿ. ಈಗ ಗುಂಡಿ ಮಾತ್ರ ತೋಡಿ. ಎರಡೂವರೆ ಅಡಿ ಉದ್ದ, ಅಗಲ, ಆಳ. ಮೇಲಿನ ಮಣ್ಣು ಒಂದು ಕಡೆ, ಕೆಳಗಿನದ್ದು ಇನ್ನೊಂದು ಕಡೆ ಇಡಿ. ಏಪ್ರಿಲ್, ಮೇ ಬಿಸಿಲು ಅದರೊಳಗೆ ಚೆನ್ನಾಗಿ ಕಾಯಲಿ, ಹುಳ ಮೊಟ್ಟೆ ಸಾಯಲಿ. ಮಕ್ಕಳು, ದನ ಬೀಳದಂತೆ ಸುತ್ತ ಮುಳ್ಳು ಇಡಿ. ಜೂನ್‌ನಲ್ಲಿ ಎರಡು ಒಳ್ಳೆ ಮಳೆ ಬಿದ್ದ ಮೇಲೆ ಮೇಲಿನ ಮಣ್ಣಿಗೆ ಗೊಬ್ಬರ ಬೆರೆಸಿ ತುಂಬಿ ನೆಡಿ. ಸೀತಾಫಲ, ನಿಂಬೆ, ನುಗ್ಗೆ, ದಾಳಿಂಬೆ, ಪೇರಲ, ಇವು ಇಲ್ಲಿ ಬರುತ್ತವೆ. ನುಗ್ಗೆ ಕೊಂಬೆ, ಮಲ್ಲಿಗೆ ಕಡ್ಡಿ, ಪುಂಡಿ ಬೀಜ ಸಂಘದವರ ಮನೆಗಳಲ್ಲೇ ಸಿಗುತ್ತವೆ, ಕೇಳಿದರೆ ಸಾಕು.