ಹಳೇ ಜಾಝ್, ಸೋಲ್ ಪ್ಲೇಟುಗಳ ಮರುಬಿಡುಗಡೆ: ನಾನು ಆರಿಸುವ ರೀತಿ

ಸೋಲ್, ಫಂಕ್, ಜಾಝ್ ಸಂಗೀತದ ಪ್ಲೇಟುಗಳನ್ನು (ವಿನೈಲ್ ರೆಕಾರ್ಡುಗಳನ್ನು) ನಾನು ಹೆಚ್ಚಾಗಿ ಹೊರದೇಶದಿಂದಲೇ ತರಿಸುತ್ತೇನೆ. ಪ್ಲೇಟಿನ ಬೆಲೆ, ಮೇಲೆ ಸಾಗಣೆ ಖರ್ಚು, ಅದರ ಮೇಲೆ ಕಸ್ಟಮ್ಸ್. ಇಷ್ಟಾದ ಮೇಲೆ ಕಂಡಿದ್ದೆಲ್ಲ ಕೊಳ್ಳೋಕೆ ಆಗುತ್ತಾ? ಹಾಗಾಗಿ ಹಳೇ ಆಲ್ಬಮ್ಮೊಂದು ಮತ್ತೆ ಬಂದಿದೆ ಅಂದರೆ ಮೊದಲು ಎರಡು ವಿಷಯ ವಿಚಾರಿಸುತ್ತೇನೆ. ಯಾವ ಟೇಪಿನಿಂದ ಮಾಡಿದ್ದಾರೆ? ಟೇಪಿನ ಸದ್ದನ್ನು ಪ್ಲೇಟಿನ ಗೆರೆಯಾಗಿ ಕೊರೆದವರು ಯಾರು?

ಕವರಿನ ಮೇಲೆ ‘180 ಗ್ರಾಂ’ ಅಂತ ಸ್ಟಿಕ್ಕರ್ ಇರುತ್ತದಲ್ಲ, ಅದಕ್ಕೆ ನಾನು ಬೆಲೆ ಕೊಡುವುದಿಲ್ಲ. ಅದು ಪ್ಲಾಸ್ಟಿಕ್ಕಿನ ತೂಕ, ಅಷ್ಟೇ. ಸಿಡಿಯಿಂದ ಎತ್ತಿದ ಸದ್ದನ್ನೂ ಅಷ್ಟೇ ದಪ್ಪದ ಪ್ಲೇಟಿಗೆ ಒತ್ತಬಹುದು.

ಅಮೆರಿಕದ ಜಾಝ್ ಲೇಬಲ್ (ಪ್ಲೇಟು ಹೊರತರುವ ಕಂಪನಿ) ಬ್ಲೂ ನೋಟ್ 2019ರಲ್ಲಿ ಶುರು ಮಾಡಿದ ‘ಟೋನ್ ಪೊಯೆಟ್’ ಸರಣಿ ನನಗೆ ಇಷ್ಟವಾಗಿದ್ದು ನನ್ನ ಆ ಎರಡು ಪ್ರಶ್ನೆಗೂ ಅದರಲ್ಲಿ ಉತ್ತರ ಇದೆ ಅಂತ. ಜೋ ಹಾರ್ಲಿ ಉಸ್ತುವಾರಿ, ಮೂಲ ಅನಲಾಗ್ ಟೇಪಿನಿಂದ ಗೆರೆ ಕೊರೆಯುವುದು ಕೆವಿನ್ ಗ್ರೇ. ಪ್ಲೇಟನ್ನು ಮೊಬೈಲ್ ಟಾರ್ಚಿಗೆ ಸ್ವಲ್ಪ ಓರೆ ಮಾಡಿ ಹಿಡಿಯಿರಿ. ಸಂಗೀತ ಮುಗಿದ ಮೇಲೆ ನಡುವೆ ಅಂಟಿಸಿದ ಕಾಗದದ ತನಕ ಒಂದು ನುಣುಪಾದ ಪಟ್ಟಿ ಸಿಗುತ್ತದೆ. ಅಲ್ಲಿ ಕೈಯಲ್ಲಿ ಗೀಚಿದ ಸಣ್ಣ ಅಕ್ಷರಗಳು ಕಾಣುತ್ತವೆ: ‘ಕೆಪಿಜಿ’. ಅದು ಗ್ರೇ ಗುರುತು. ಅರವತ್ತರ ದಶಕದ ಬ್ಲೂ ನೋಟ್ ಪ್ಲೇಟುಗಳಲ್ಲಿ ಅದೇ ಜಾಗದಲ್ಲಿ ‘ವ್ಯಾನ್ ಗೆಲ್ಡರ್’ ಅಂತ ಒತ್ತಿರುತ್ತಿತ್ತು. ಆ ರೆಕಾರ್ಡಿಂಗ್ ಎಂಜಿನಿಯರ್ ರೂಡಿ ವ್ಯಾನ್ ಗೆಲ್ಡರ್ ಮೊದಮೊದಲು ಹಗಲು ಕಣ್ಣು ಪರೀಕ್ಷೆ ಮಾಡುತ್ತಾ, ಉಳಿದ ಹೊತ್ತಲ್ಲಿ ನ್ಯೂಜೆರ್ಸಿಯ ಅಪ್ಪ ಅಮ್ಮನ ಮನೆ ಹಾಲಿನಲ್ಲೇ ರೆಕಾರ್ಡ್ ಮಾಡುತ್ತಿದ್ದವರು! ಸೆಕೆಂಡ್ ಹ್ಯಾಂಡ್ ಕೊಳ್ಳುವಾಗಲೂ ನಾನು ಕವರಿನ ಫೋಟೋ ಕೇಳುವುದಿಲ್ಲ, ಈ ಪಟ್ಟಿಯ ಫೋಟೋ ಕೇಳುತ್ತೇನೆ. ಒಬ್ಬ ಮಾರಾಟಗಾರ ‘ಎಲ್ಲಾ ಒಂದೇ ಸಾರ್’ ಅಂದ. ಅಲ್ಲಿಗೆ ಮಾತು ಮುಗಿಸಿದೆ.

ಸೋಲ್ ವಿಷಯಕ್ಕೆ ಬಂದರೆ ಈ ಲೆಕ್ಕ ನಡೆಯಲ್ಲ. ಶಿಕಾಗೋದ ನ್ಯೂಮೆರೋ ಗ್ರೂಪ್ 2003ರಿಂದ ಹಳೇ ಹಾಡುಗಳ ಮರುಬಿಡುಗಡೆ ಕೆಲಸದಲ್ಲಿದೆ. ಅವರ ‘ಎಕ್ಸೆಂಟ್ರಿಕ್ ಸೋಲ್’ ಸರಣಿಯ ಮೊದಲ ಸಂಕಲನ ಓಹಾಯೋದ ಕೊಲಂಬಸ್ ಊರಿನ ಕ್ಯಾಪ್‌ಸೋಲ್ ಅನ್ನುವ ಪುಟ್ಟ ಲೇಬಲ್ಲಿನದು. ಇಂಥ ಲೇಬಲ್ಲುಗಳ ಮೂಲ ಟೇಪು ಎಷ್ಟೋ ಸಲ ಉಳಿದೇ ಇರುವುದಿಲ್ಲ. ನಿಮಿಷಕ್ಕೆ 45 ಸುತ್ತು ತಿರುಗುವ ಹಳೇ ಪ್ಲೇಟಿನಿಂದಲೇ ಹಾಡು ಎತ್ತಬೇಕು. ಸ್ವಲ್ಪ ಚಟಪಟ ಸದ್ದು ಬಂದರೆ ಬರಲಿ ಬಿಡಿ. ಅಲ್ಲಿ ನಾನು ದುಡ್ಡು ಕೊಡುವುದು ಒಳಗಿನ ಪುಸ್ತಿಕೆಗೆ. ಹಾಡಿದವರು ಯಾರು, ಆಮೇಲೆ ಏನಾದರು ಅಂತ ಅದರಲ್ಲಿ ಓದಿಕೊಂಡು ಮತ್ತೆ ಕೇಳಿದರೆ ಹಾಡು ಬೇರೆಯೇ ಅನಿಸುತ್ತದೆ.

ಡೌನ್‌ಟೆಂಪೋ, ಅಂದರೆ ನಿಧಾನ ಲಯದ ಎಲೆಕ್ಟ್ರಾನಿಕ್ ಸಂಗೀತ? ಅದಕ್ಕೆ ಪ್ಲೇಟು ಬೇಕೇ ಬೇಕು ಅಂತ ನನಗನಿಸಿಲ್ಲ. ವಿಯೆನ್ನಾದ ಕ್ರೂಡರ್, ಡಾರ್ಫ್‌ಮೈಸ್ಟರ್ ಜೋಡಿಯ 1998ರ ರೀಮಿಕ್ಸ್ ಸಂಕಲನ ಆಗಲಿ, ನೈಟ್‌ಮೇರ್ಸ್ ಆನ್ ವ್ಯಾಕ್ಸ್‌ನ 1995ರ ‘ಸ್ಮೋಕರ್ಸ್ ಡಿಲೈಟ್’ ಆಗಲಿ, ಹುಟ್ಟಿದ್ದೇ ಸ್ಯಾಂಪ್ಲರಿನಲ್ಲಿ, ಅಂದರೆ ಸದ್ದಿನ ತುಣುಕು ಜೋಡಿಸುವ ಯಂತ್ರದಲ್ಲಿ. ಒಳ್ಳೇ ಫೈಲ್, ಒಳ್ಳೇ ಹೆಡ್‌ಫೋನ್ ಸಾಕು. ಉಳಿದ ದುಡ್ಡು ಡ್ಯಾಪ್‌ಟೋನ್ ತರದ ಸೋಲ್ ಲೇಬಲ್ಲಿನವರಿಗೆ. ಬ್ರೂಕ್ಲಿನ್ನಿನ ಒಂದು ಹಳೇ ಮನೆಯಲ್ಲಿ ಟೇಪಿನ ಮೇಲೆ ರೆಕಾರ್ಡ್ ಮಾಡಿಕೊಂಡು ಬಂದವರು ಇವರು. ಅವರ ಗಾಯಕಿ ಶರೋನ್ ಜೋನ್ಸ್ ದನಿಯಲ್ಲಿ ಆ ಕೋಣೆಯೂ ಕೇಳಿಸುತ್ತದೆ.

ನಾನು ಈಗ ಕಾಯುತ್ತಿರುವುದು ನಮ್ಮೂರಿನದೇ ಒಂದಕ್ಕೆ. ಬಾಸ್ಟನ್ನಿನ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮೇರಿಯಾನೋ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡದ ಜತೆ ಮಾಡಿದ ‘ಜ್ಯೋತಿ’. 1983ರಲ್ಲಿ ಜರ್ಮನಿಯ ಇಸಿಎಂ ಲೇಬಲ್ಲಿಗೆ ರೆಕಾರ್ಡ್ ಆಯಿತು. ಆರ್. ಎ. ರಮಾಮಣಿ ಅವರ ಹಾಡುಗಾರಿಕೆ, ಟಿ. ಎ. ಎಸ್. ಮಣಿ ಅವರ ಮೃದಂಗ, ಅವುಗಳ ಜೊತೆ ಸ್ಯಾಕ್ಸೋಫೋನ್, ಕೊಳಲು. ಮೂಲ ಟೇಪಿನಿಂದ ಹೊಸದಾಗಿ ಕೊರೆದು, ಜೊತೆಗೆ ಕನ್ನಡದಲ್ಲೂ ಒಂದು ಪುಸ್ತಿಕೆ ಹಾಕಿ ಯಾರಾದರೂ ತಂದರೆ, ಕಸ್ಟಮ್ಸ್ ಎಷ್ಟಾದರೂ ಆಗಲಿ, ನನಗೊಂದು ಪ್ರತಿ ಬೇಕು.