ರ‍್ಯಾಸ್ ಮರಳಿಗಿಳಿದರೆ ಸೌಟು ಹಿಡಿಯಬೇಡಿ

ಒಂದು ಭಾನುವಾರ ಬೆಳಗ್ಗೆ ಆರೂವರೆಗೆ ಗೆಳೆಯನ ಫೋನ್. "ಮೀನು ಕಾಣ್ತಿಲ್ಲ ಕಣೋ, ಎರಡು ದಿನ ಆಯ್ತು. ಸತ್ತು ನೀರು ಕೆಟ್ಟೀತು ಅಂತ ಮರಳೆಲ್ಲ ಸೌಟಲ್ಲಿ ಕೆದಕ್ತಾ ಇದೀನಿ." ಅವನ ಅಕ್ವೇರಿಯಂನ ರ‍್ಯಾಸ್ ಮೀನು ಮರಳೊಳಗೆ ಮಲಗಿತ್ತು ಅಷ್ಟೆ. ಸೌಟು ತಗುಲಿದ ಮೇಲೆ ಬದುಕಲಿಲ್ಲ. ಆಮೇಲೆ ಇದೇ ಕಥೆಯನ್ನು ಇನ್ನೂ ಮೂರು ಮನೆಗಳಲ್ಲಿ ನೋಡಿದೆ. ಹಾಗಾಗಿ ಈ ಬರಹ.

ರ‍್ಯಾಸ್ ಅನ್ನುವುದು ಒಂದೇ ಮೀನಿನ ಹೆಸರಲ್ಲ, ಉಪ್ಪುನೀರಿನ ಒಂದು ದೊಡ್ಡ ಕುಟುಂಬ. ಅದರಲ್ಲಿ 500ಕ್ಕೂ ಹೆಚ್ಚು ಜಾತಿಗಳಿವೆ. ಬೆರಳುದ್ದದ ಫ್ಲ್ಯಾಷರ್ ರ‍್ಯಾಸ್ ಕೂಡ ಇದೇ, ಎರಡು ಮೀಟರ್ ಬೆಳೆಯುವ ಹಂಪ್‌ಹೆಡ್ ಕೂಡ ಇದೇ. ಮರಿಯಾಗಿದ್ದಾಗ ಎಲ್ಲವೂ ಮುದ್ದು. ಎಡವಟ್ಟು ಶುರುವಾಗುವುದೇ ಅಲ್ಲಿ.

ಯಾವುದನ್ನು ತರಬೇಕು

ನಾಲ್ಕು ಅಡಿಯ, 250 ಲೀಟರ್ ಆಸುಪಾಸಿನ ಟ್ಯಾಂಕ್ ಇದ್ದರೆ ಫೇರಿ, ಫ್ಲ್ಯಾಷರ್ ಅಥವಾ ಮೆಲನೂರಸ್ ರ‍್ಯಾಸ್ ತನ್ನಿ. ಟ್ಯಾಂಕಿನಲ್ಲಿ ಹವಳವಿದ್ದರೂ ಮುಟ್ಟುವುದಿಲ್ಲ, ಬಣ್ಣ ಕಣ್ಣು ತುಂಬುತ್ತದೆ. ಲೆಪರ್ಡ್ ರ‍್ಯಾಸ್ ಬೇಕೇ ಬೇಕು ಅಂದರೆ ಟ್ಯಾಂಕ್‌ಗೆ ಕನಿಷ್ಠ ಆರು ತಿಂಗಳಾಗಿರಲಿ. ಅದು ದಿನವಿಡೀ ಕಲ್ಲಿನ ಮೇಲಿನ ಸಣ್ಣ ಹುಳುಗಳನ್ನು ಹೆಕ್ಕಿ ತಿನ್ನುವ ಮೀನು. ಹೊಸ ಟ್ಯಾಂಕಿನಲ್ಲಿ ಹುಳುಗಳೇ ಇರುವುದಿಲ್ಲ.

ಸಿಕ್ಸ್‌ಲೈನ್ ಬೇಡ. ಎಂಟು ಸೆಂಟಿಮೀಟರ್ ಉದ್ದ ಅಷ್ಟೆ, ಆದರೆ ಆರು ತಿಂಗಳಲ್ಲಿ ಇಡೀ ಟ್ಯಾಂಕ್ ತನ್ನದು ಅಂದುಕೊಳ್ಳುತ್ತದೆ. "ನಮ್ಮದು ಪಾಪ, ಏನೂ ಮಾಡಲ್ಲ" ಅನ್ನುವವರು ಇದ್ದಾರೆ. ಅವರು ಅದರ ಜೊತೆಗೆ ಇನ್ನೊಂದು ರ‍್ಯಾಸ್ ಬಿಟ್ಟು ನೋಡಿಲ್ಲ. ಕ್ಲೀನರ್ ರ‍್ಯಾಸ್ ಅಂತೂ ಸುತಾರಾಂ ಬೇಡ. ಬೇರೆ ಮೀನಿನ ಮೈಮೇಲಿನ ಪರಾವಲಂಬಿಗಳನ್ನು ತಿಂದು ಬದುಕುವ ಜೀವಿ ಅದು, ಮನೆಯ ಟ್ಯಾಂಕಿನಲ್ಲಿ ಹೆಚ್ಚಿನವು ಹಸಿದೇ ಸಾಯುತ್ತವೆ. ನಮ್ಮ ಸಮುದ್ರದಲ್ಲೇ ಸಿಗುವ ಮೂನ್ ರ‍್ಯಾಸ್ ಅಗ್ಗ. ನೇತ್ರಾಣಿಯಲ್ಲಿ ಡೈವ್ ಮಾಡಿದವರು ಕಂಡಿರಬಹುದು. ಆದರೆ ಅದು 25 ಸೆಂಟಿಮೀಟರ್ ಬೆಳೆದು ನಿಮ್ಮ ಸೀಗಡಿಗಳನ್ನೆಲ್ಲ ಮುಗಿಸುತ್ತದೆ.

ಒಂದೇ ಜಾತಿಯ ಎರಡು ಗಂಡು ಬೇಡ. ಇವು ಹೆಚ್ಚಾಗಿ ಹೆಣ್ಣಾಗಿಯೇ ಬೆಳೆದು, ಗುಂಪಿನ ದೊಡ್ಡದು ಆಮೇಲೆ ಗಂಡಾಗುತ್ತದೆ. ಜೋಡಿ ಬೇಕಿದ್ದರೆ ಎರಡು ಸಣ್ಣ ಹೆಣ್ಣು ತನ್ನಿ, ಉಳಿದದ್ದನ್ನು ಅವೇ ನೋಡಿಕೊಳ್ಳುತ್ತವೆ.

(ಹವಳದ ಬಗ್ಗೆ ಒಂದು ಮಾತು. ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ. ಅಂಗಡಿಯವರು ಒಳಗೆ ಕರೆದು ಗುಟ್ಟಾಗಿ ತೋರಿಸಿದರೂ ಕೊಳ್ಳಬೇಡಿ.)

ನೀರು, ಮರಳು, ಮುಚ್ಚಳ

ನೀರು: ಆರ್‌ಒ ನೀರಿಗೆ ರೀಫ್ ಸಾಲ್ಟ್ (ಸಮುದ್ರದ ನೀರಿನಂತೆ ಮಾಡುವ ಉಪ್ಪು), ಉಪ್ಪಿನಂಶ ಸಾಪೇಕ್ಷ ಸಾಂದ್ರತೆಯ ಲೆಕ್ಕದಲ್ಲಿ 1.025, ಬಿಸಿ 25–26 ಡಿಗ್ರಿ.

ಮರಳು: ನುಣ್ಣಗಿನದು, ಐದು ಸೆಂಟಿಮೀಟರ್‌ಗೆ ಕಡಿಮೆ ಇಲ್ಲದಂತೆ. ಮೆಲನೂರಸ್, ಲೆಪರ್ಡ್ ರಾತ್ರಿ ಇದರೊಳಗೆ ತಲೆ ಹಾಕಿ ನುಗ್ಗಿ ಮಲಗುತ್ತವೆ. ದಪ್ಪ ಹವಳದ ಚೂರು ಹಾಕಿದರೆ ಮೈ, ಬಾಯಿ ತರಚಿಕೊಳ್ಳುತ್ತವೆ. ಬೀಚಿಗೆ ಹೋದಾಗ ಒಂದು ಚೀಲ ತುಂಬಿಕೊಂಡು ಬರುವ ಆಲೋಚನೆ ಬಿಡಿ. ಫೇರಿ, ಫ್ಲ್ಯಾಷರ್‌ಗಳಿಗೆ ಮರಳಿನ ಹಂಗಿಲ್ಲ. ಕಲ್ಲಿನ ಸಂದಿಯಲ್ಲಿ ಮೈಸುತ್ತ ಲೋಳೆಯ ಚೀಲ ಕಟ್ಟಿಕೊಂಡು ಮಲಗುತ್ತವೆ. ಬೆಳಗ್ಗೆ ಆ ಲೋಳೆ ತೇಲುತ್ತಿದ್ದರೆ ರೋಗ ಅಂತ ಗಾಬರಿ ಬೇಡ.

ಮುಚ್ಚಳ: ರ‍್ಯಾಸ್ ಹಾರುತ್ತದೆ. ನಿಮ್ಮದೂ ಹಾರುತ್ತದೆ. ಕರೆಂಟ್ ಹೋಗಿ ಲೈಟು ಥಟ್ಟನೆ ಆರಿದಾಗ ಹೆದರಿ ಜಿಗಿಯುವುದು ಜಾಸ್ತಿ. ಕಿಟಕಿಗೆ ಸೊಳ್ಳೆಪರದೆ ಹಾಕುವವರ ಹತ್ತಿರ ಅಳತೆಗೆ ಫ್ರೇಮ್ ಮಾಡಿಸಿ, ಅದಕ್ಕೆ 6 ಮಿಲಿಮೀಟರ್ ಕಣ್ಣಿನ ಪಾರದರ್ಶಕ ಪ್ಲಾಸ್ಟಿಕ್ ಬಲೆ ಹಾಕಿಸಿ. ಸೊಳ್ಳೆಪರದೆಯನ್ನೇ ಹಾಕಿದರೆ ಬೆಳಕು ತಡೆಯುತ್ತದೆ. ತಂತಿ ಬಲೆ ತುಕ್ಕು ಹಿಡಿದು ನೀರಿಗಿಳಿಯುತ್ತದೆ. ಪಂಪಿನ ವೈರ್ ಹೋಗುವ ಮೂಲೆಯನ್ನೂ ಮುಚ್ಚಿ. ನಾನು ಎರಡು ಬೆರಳಗಲದ ಸಂದಿ ಬಿಟ್ಟಿದ್ದೆ. ಮೂರು ದಿನದ ಮೇಲೆ ಚಪ್ಪಲಿ ಸ್ಟ್ಯಾಂಡಿನ ಹಿಂದೆ ಫೇರಿ ರ‍್ಯಾಸ್ ಸಿಕ್ಕಿತು. ಕರಾವಳಿಯವನಾದ ನನಗೆ ಒಣಮೀನು ಹೊಸದಲ್ಲ, ಅಷ್ಟು ದುಬಾರಿಯದ್ದು ಮಾತ್ರ ಅದೇ ಮೊದಲು.

ಮನೆಗೆ ಬಂದ ಮೇಲೆ

ಚೀಲವನ್ನು ಬಿಚ್ಚದೆ ಕ್ವಾರಂಟೈನ್ ಟ್ಯಾಂಕಿನಲ್ಲಿ (ಹೊಸ ಮೀನನ್ನು ಮೊದಲು ಬೇರೆಯಾಗಿ ಇಡುವ ಸಣ್ಣ ಟ್ಯಾಂಕ್) 20 ನಿಮಿಷ ತೇಲಿಬಿಡಿ. ಅಂಗಡಿ ಹತ್ತಿರದ್ದಾದರೆ ಆಮೇಲೆ ಸಣ್ಣ ಪೈಪಿನಲ್ಲಿ ಹನಿಹನಿಯಾಗಿ ಅರ್ಧ ಮುಕ್ಕಾಲು ಗಂಟೆ ಟ್ಯಾಂಕಿನ ನೀರನ್ನು ಚೀಲಕ್ಕೆ ಬಿಟ್ಟರೆ ಸಾಕು. ವಿಮಾನದಲ್ಲಿ ಬಂದ ಚೀಲಕ್ಕೆ ಈ ಹನಿ ಉಪಚಾರ ಮಾಡಬೇಡಿ. ಗಂಟೆಗಟ್ಟಲೆ ಮುಚ್ಚಿದ ಚೀಲದಲ್ಲಿ ಮೀನು ಬಿಟ್ಟ ಅಮೋನಿಯಾ ಅಷ್ಟು ಕಾಟ ಕೊಡುವುದಿಲ್ಲ, ಏಕೆಂದರೆ ಕಾರ್ಬನ್ ಡೈಆಕ್ಸೈಡ್ ತುಂಬಿ ನೀರಿನ ಪಿಎಚ್ ಇಳಿದಿರುತ್ತದೆ. ಚೀಲ ಬಿಚ್ಚಿದ ಕೂಡಲೇ ಗಾಳಿ ಆಡಿ ಪಿಎಚ್ ಏರುತ್ತದೆ, ಅದೇ ಅಮೋನಿಯಾ ವಿಷವಾಗುತ್ತದೆ. ಹಾಗಾಗಿ ಚೀಲದಲ್ಲಿ ಉಪ್ಪಿನಂಶ ಎಷ್ಟಿರುತ್ತದೆ ಅಂತ ಕಳಿಸುವವರನ್ನು ಮೊದಲೇ ಕೇಳಿ, ಕ್ವಾರಂಟೈನ್ ಟ್ಯಾಂಕಿನ ನೀರನ್ನು ಅದಕ್ಕೆ ಹೊಂದಿಸಿಡಿ. ಚೀಲ ಬಿಚ್ಚಿದ ಮೇಲೆ ಮೀನನ್ನು ನೇರ ಅದಕ್ಕೆ ದಾಟಿಸಿ. ಚೀಲದ ನೀರು ಚರಂಡಿಗೆ.

ಉಪ್ಪು ಅಳೆಯಲು ರಿಫ್ರ್ಯಾಕ್ಟೋಮೀಟರ್ ಕೊಳ್ಳಿ. ಮುಳ್ಳು ಎದ್ದು ತೋರಿಸುವ ಪ್ಲಾಸ್ಟಿಕ್ ಡಬ್ಬಿ ಕಸಕ್ಕೆ ಸಮ. ಮುಳ್ಳಿಗೆ ಒಂದು ಗುಳ್ಳೆ ಅಂಟಿದರೂ ಲೆಕ್ಕ ತಪ್ಪುತ್ತದೆ.

ಕ್ವಾರಂಟೈನ್ ನಾಲ್ಕು ವಾರ. 40–50 ಲೀಟರ್ ಟ್ಯಾಂಕ್, ಸ್ಪಂಜ್ ಫಿಲ್ಟರ್, ಅಡಗಲು ಪಿವಿಸಿ ತುಂಡು, ಊಟದ ಡಬ್ಬಿಯಲ್ಲಿ ಮರಳು. ಬಿಳಿ ಚುಕ್ಕೆ ರೋಗಕ್ಕೆ "ಹವಳಕ್ಕೆ ಅಪಾಯವಿಲ್ಲ" ಎಂದು ಬರೆದ ಬಾಟಲಿಗಳು ದುಡ್ಡು ದಂಡ.

ಎಲ್ಲರೂ ಎಡವುವ ಜಾಗ

ಈಗ ಮುಖ್ಯ ಟ್ಯಾಂಕ್. ಜನ ಸುಮ್ನೆ ಮೀನು ಸುರಿದು, ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಹತ್ತು ನಿಮಿಷದಲ್ಲಿ ಹಳೆಯ ಮೀನು ಹೊಸದನ್ನು ಮೂಲೆಗೆ ಅಟ್ಟಿರುತ್ತದೆ.

ಹಾಗೆ ಆಗಬಾರದೆಂದರೆ ಒಂದು ಪಾರದರ್ಶಕ ಡಬ್ಬಿ ಬೇಕು. ಅಕ್ಲೈಮೇಶನ್ ಬಾಕ್ಸ್ ಎಂದು ಸಿಗುತ್ತದೆ. ನಾನು ಅಕ್ರಿಲಿಕ್ ಡಬ್ಬಿಗೆ ನಾನೇ ತೂತು ಕೊರೆದೆ. ಅದನ್ನು ಟ್ಯಾಂಕಿನೊಳಗೆ ಗಾಜಿಗೆ ನೇತುಹಾಕಿ, ಮುಚ್ಚಳ ಹಾಕಿ. ಮರಳಲ್ಲಿ ಮಲಗುವ ಜಾತಿಯಾದರೆ ಒಳಗೊಂದು ಬಟ್ಟಲು ಮರಳಿರಲಿ. ಹೊಸ ಮೀನು ಅಲ್ಲಿ ಮೂರರಿಂದ ಐದು ದಿನ ಇರಬೇಕು, ಊಟವೂ ಅಲ್ಲೇ.

ಈ ದಿನಗಳಲ್ಲಿ ಹೊಸದನ್ನಲ್ಲ, ಹಳೆಯವನ್ನು ನೋಡಿ. ಮೊದಲ ದಿನ ರೆಕ್ಕೆ ಬಿಚ್ಚಿ ಡಬ್ಬಿಗೆ ಗುದ್ದುವುದು ಸಹಜ. ಮೂರನೇ ದಿನ ಒಮ್ಮೆ ನೋಡಿ ಮುಂದೆ ಹೋದರೆ ಸರಿ. ಐದನೇ ದಿನವೂ ಗುದ್ದುತ್ತಿದ್ದರೆ ಜಾಗ ಬದಲಿಸಿ: ರೌಡಿ ಡಬ್ಬಿಯೊಳಗೆ, ಹೊಸಬ ಹೊರಗೆ. ನಾಲ್ಕು ದಿನ ಹೀಗಿಟ್ಟರೆ ಗತ್ತು ಇಳಿಯುತ್ತದೆ. ಹೊರಗಿನ ಗಾಜಿಗೆ ಕನ್ನಡಿ ಅಂಟಿಸುವ ಉಪಾಯವೂ ಇದೆ, ರೌಡಿ ತನ್ನ ಬಿಂಬದ ಜೊತೆ ಜಗಳಕ್ಕೆ ನಿಲ್ಲುತ್ತದೆ. ನನಗೆ ಅದು ಅರ್ಧ ದಿನ ಕೆಲಸಕ್ಕೆ ಬಂತು, ಅಷ್ಟೆ.

ಎರಡು ಮೂರು ರ‍್ಯಾಸ್ ತರುವ ಯೋಜನೆ ಇದ್ದರೆ ಎಲ್ಲವನ್ನೂ ಒಂದೇ ದಿನ ಬಿಡಿ. ಆಗದಿದ್ದರೆ ಸಾಧು ಮೊದಲು, ಜೋರಿನದು ಕೊನೆಗೆ.

ಬಿಡುವ ಹೊತ್ತು: ಲೈಟ್ ಆರಲು ಎರಡು ಗಂಟೆ ಇರುವಾಗ. ಟ್ಯಾಂಕಿನ ಒಂದು ಕೊನೆಯಲ್ಲಿ ಊಟ ಹಾಕಿ, ಹಳೆಯವು ಅತ್ತ ಓಡಿದಾಗ ಈ ಕೊನೆಯಲ್ಲಿ ಡಬ್ಬಿ ಓರೆ ಮಾಡಿ. ಬಲೆಯಲ್ಲಿ ಎತ್ತಬೇಡಿ. ಮೀನು ತಾನಾಗಿ ಹೊರಗೆ ಹೋಗಲಿ.

ಇನ್ನು ಆ ಮರಳು. ಬಿಟ್ಟ ಕೂಡಲೇ ಮೆಲನೂರಸ್ ಅಥವಾ ಲೆಪರ್ಡ್ ಮಾಯವಾಗುತ್ತದೆ. ಎರಡು ದಿನ, ನಾಲ್ಕು ದಿನ, ಕೆಲವೊಮ್ಮೆ ವಾರ ದಾಟಬಹುದು. ಎದ್ದರೂ ಹೊತ್ತಲ್ಲದ ಹೊತ್ತಿಗೆ ಮತ್ತೆ ಮಲಗುತ್ತದೆ. ಬಾಲಿಯ ಕಡೆಯಿಂದ ಬಂದ ಮೀನಿಗೆ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ನಮಗೆ ಮಧ್ಯಾಹ್ನ ಮೂರೂವರೆ ಅಂದರೆ ಅದಕ್ಕೆ ಸಂಜೆ ಆರು. ಹೊಂದಿಕೊಳ್ಳಲು ಬಿಡಿ. ಕೆದಕಬೇಡಿ, ಟಾರ್ಚ್ ಬಿಡಬೇಡಿ, ಆ ವಾರ ಮರಳು ಕ್ಲೀನ್ ಮಾಡಬೇಡಿ. ಸತ್ತಿದೆಯೇ ಎಂಬ ಸಂಶಯವಿದ್ದರೆ ಅಮೋನಿಯಾ ಟೆಸ್ಟ್ ಮಾಡಿ. ಸೊನ್ನೆ ತೋರಿಸಿದರೆ ಕೈಕಟ್ಟಿ ಕುಳಿತುಕೊಳ್ಳಿ. ದಿನಾ ಒಂದೇ ಹೊತ್ತಿಗೆ ಊಟ ಮಾತ್ರ ಹಾಕುತ್ತಿರಿ, ಎದ್ದಾಗ ಹಸಿದಿರುತ್ತದೆ.

ಊಟ ಅಂದರೆ ಐಸ್ ಮಾಡಿದ ಮೈಸಿಸ್ ಸೀಗಡಿ, ಕರಗಿಸಿ ತೊಳೆದು, ದಿನಕ್ಕೆ ಮೂರು ಸಲ ಚಿಟಿಕೆಯಷ್ಟು. ಒಮ್ಮೆಗೇ ರಾಶಿ ಹಾಕಿದರೆ ಪ್ರಯೋಜನವಿಲ್ಲ, ಇವು ದಿನವಿಡೀ ಮೇಯುವ ಮೀನುಗಳು. ತಿಂದದ್ದು ಮೈಗೆ ಹತ್ತುತ್ತಿದೆಯೇ ಅಂತ ತಲೆಯ ಹಿಂದೆ, ಬೆನ್ನಿನ ಮೇಲೆ ನೋಡಿ. ಅಲ್ಲಿ ಗುಳಿ ಬಿದ್ದಿದ್ದರೆ ನಾಲ್ಕನೇ ಊಟ ಸೇರಿಸಿ.

ನನ್ನ ಮೆಲನೂರಸ್ ಒಂಬತ್ತನೇ ದಿನ ಎದ್ದು ಬಂತು. ಸ್ವಲ್ಪ ಬಡವಾಗಿತ್ತು. ಮೂಗಿನ ಮೇಲೆ ಮರಳು ಅಂಟಿತ್ತು. ಎದ್ದದ್ದೇ ಬಂದು ಮೈಸಿಸ್ ತಿಂದಿತು. ಫೋನ್ ಮಾಡಿ ಹೇಳಿದರೆ, "ಒಂಬತ್ತು ದಿನ ನೀನು ಮುಟ್ಟಲೇ ಇಲ್ವಾ?" ಅಂತ ಕೇಳಿದ, ಆ ಸೌಟಿನ ಗೆಳೆಯ.